ನಾಲ್ಕನೆಯ ಪಾಠದಲ್ಲಿ ಹುಲ್ಲು

ಹೆಸರು ಬೇಡ, ಅಡ್ಡಹೆಸರು ಸಾಕು ಎಂದಿತು ಫೋನು.
ಬೈಲಹೊಂಗಲದ ಹವಾಲ್ದಾರ್ ಮಡಿವಾಳಪ್ಪ ಹೂಲಿ
ಹೀಗೆ ಗುಬ್ಬಿ ಹನ್ನೆರಡು ಆದೆ.
ಉತ್ತರ ಗೌಪ್ಯವಂತೆ. ಇರಲಿ.
ಇಪ್ಪತ್ತೊಂದು ವರ್ಷ ಯಾರು ಕೇಳಿದರೂ
'ಸಬ್ ಠೀಕ್ ಸಾಬ್' ಅಂದ ನಾಲಿಗೆ ಇದು,
ಗುಬ್ಬಿಯಾದ ಮಾತ್ರಕ್ಕೆ ಬಾಯಿ ಬಿಡುವುದಿಲ್ಲ.

ಒಟ್ಟು ಎಂಟು ಪಾಠ. ರಾತ್ರಿ ಹತ್ತೂವರೆಗೆ
ಹಲಸೂರು ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ
ಕುಕ್ಕರಿಗೆ ಒರಗಿಸಿದ ಫೋನು, ಕಿವಿಯಲ್ಲಿ ಮಗಳ ಇಯರ್‌ಫೋನು.
ಮೊದಲನೆಯದು ನಿದ್ದೆಯದು. ಎರಡನೆಯದು ಸಿಟ್ಟಿನದು.
ಮೂರನೆಯದು ಉಸಿರಿನದು:
ನಾಲ್ಕು ಎಣಿಸಿ ಒಳಗೆ, ನಾಲ್ಕು ಎಣಿಸಿ ಹಿಡಿ, ನಾಲ್ಕು ಎಣಿಸಿ ಬಿಡು.
ಹಿಡಿಯುವುದನ್ನು ನನಗೆ ಕಲಿಸಬೇಕೆ?
ಬಿಡುವುದನ್ನು ಹೇಳಿಕೊಡು ತಾಯಿ.

ನಾಲ್ಕನೆಯದರಲ್ಲಿ ಸಿಕ್ಕಿಬಿದ್ದೆ.
"ಕಣ್ಣು ಮುಚ್ಚಿ," ಅಂದಳು ಆಕೆ ಸಕ್ಕರೆ ಹಿಂದಿಯಲ್ಲಿ,
"ಹಸಿರು ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆಯುತ್ತಿದ್ದೀರಿ..."

ತಂಗೀ, ಹುಲ್ಲು ನಮ್ಮ ಕಸುಬು.
ಮೊಣಕಾಲೂರಿ, ಸಲಾಕೆಯನ್ನು ಓರೆಯಾಗಿ ಹಿಡಿದು
ಬೆರಳಗಲ ಬೆರಳಗಲ ಚುಚ್ಚುತ್ತ
ಬೆಳಗಿನಿಂದ ಸಂಜೆಗೆ ಒಂದು ಚಾಪೆಯಷ್ಟು ನೆಲ ದಾಟಿದವರು.
ಮುರುಗೇಶನ್‌ಗೆ ಬೆನ್ನು ನೋವು. ಎದ್ದು ನಿಂತು, ಮೈ ಮುರಿದು
ಒಂದೇ ಒಂದು ಹೆಜ್ಜೆ ಹಿಂದಿಟ್ಟ.

ಆಮೇಲೆ ಈ ಊರಿಗೆ ಬದಲಿ,
ಬೆಳಗಾದರೆ ಅಗೆದು ಮುಚ್ಚುವ ಊರಿಗೆ.
ನೀರಿನವರು ಮುಚ್ಚಿದ್ದನ್ನು ಕೇಬಲ್ಲಿನವರು ತೋಡುತ್ತಾರೆ.
ಫುಟ್‌ಪಾತಿನ ಉದ್ದಕ್ಕೂ ಹಸಿಮಣ್ಣಿನ ಉಬ್ಬು,
ಕಲ್ಲಿನ ಸಂದಿಯಿಂದ ಇಣುಕುವ ತಂತಿ.
ಎಲ್ಲರೂ ಶಾಪ ಹಾಕಿ ದಾಟುತ್ತಾರೆ,
ನಾನು ನಿಂತುಬಿಡುತ್ತೇನೆ.
ಹಾಲು ತರಲು ಹೋದವನು ಮುಕ್ಕಾಲು ಗಂಟೆಗೆ ಬಂದರೆ
ಹೆಂಡತಿ ಗಡಿಯಾರ ನೋಡಿ, ನನ್ನ ಚಪ್ಪಲಿ ನೋಡಿ,
ಏನೂ ಕೇಳದೆ ಒಲೆ ಹಚ್ಚುತ್ತಾಳೆ.

'ಅನಿಸಿದ್ದನ್ನು ಬರೆಯಿರಿ. ಕನಿಷ್ಠ ಇಪ್ಪತ್ತು ಅಕ್ಷರ.'
ಬರೆದೆ: ನೆಲಾ ನಂಬಾಂಗಿಲ್ಲ.
ಸಾಲದು ಎಂದಿತು.
ನೆಲಾ ನಂಬಾಂಗಿಲ್ಲವ್ವಾ, ನೆಲಾ ನಂಬಾಂಗಿಲ್ಲ.
ಟಿಕ್ಕು ಬಿತ್ತು. 'ಶಹಬ್ಬಾಸ್, ಗುಬ್ಬಿ!'

ಇವತ್ತು ಬೆಳಿಗ್ಗೆ, ಸ್ಕೂಲ್ ಬಸ್ಸಿಗೆ ಹೊರಟಾಗ,
ಕೆನ್ಸಿಂಗ್ಟನ್ ರಸ್ತೆಯ ತಿರುವಿನಲ್ಲಿ ರಾತ್ರಿ ಮುಚ್ಚಿದ ಗುಂಡಿ.
ನಿಂತೆ. ನಿಂತದ್ದು ಅಮೂಲ್ಯಾಳಿಗೆ ತಿಳಿಯಿತು.
ಒಂದು ಎಣಿಸಿದೆ. ಎರಡು ಅನ್ನುವಷ್ಟರಲ್ಲಿ
ಬ್ಯಾಗಿನ ಸಮೇತ ಅದರ ನಟ್ಟನಡುವೆ ಹಾರಿ, ಕುಪ್ಪಳಿಸಿ,
"ಬಾ ಅಪ್ಪಾ, ಬರೀ ಕೆಸರು" ಅಂದಳು.
ಬಿಳಿ ಸಾಕ್ಸಿನ ಮೇಲೆ ಕೆಂಪು ಚುಕ್ಕೆ.
ಮಣ್ಣಿನದೇ. ನೋಡಿದೆ, ಇನ್ನೊಮ್ಮೆ ನೋಡಿದೆ.
ನಾನು ಸುತ್ತು ಹಾಕಿಕೊಂಡೇ ಹೋದೆ.
ಬಸ್ಸು ಹೋದ ಎಷ್ಟೋ ಹೊತ್ತಿಗೆ
ಉಸಿರು, ಎಣಿಕೆಯಿಲ್ಲದೆ, ತಾನಾಗಿ ಹೊರಬಿತ್ತು.

ಈಗ ಹತ್ತೂವರೆ. ಅದೇ ಪ್ರಶ್ನೆ:
ಸೊನ್ನೆಯಿಂದ ಹತ್ತರೊಳಗೆ ಇವತ್ತಿನ ಭಾರ ಎಷ್ಟು?
ನಿನ್ನೆ ಏಳು. ಬೆರಳಿಟ್ಟು ಎಳೆದು
ಆರೂವರೆಗೆ ತಂದಿದ್ದೇನೆ.
ಪೂರ್ತಿ ಅಂಕಿ ಮಾತ್ರ ನಡೆಯುತ್ತದಂತೆ,
ಬಿಟ್ಟೊಡನೆ ಮತ್ತೆ ಏಳಕ್ಕೆ ಜಾರುತ್ತದೆ.
ಬೆರಳು ಎತ್ತದೆ ಕೂತಿದ್ದೇನೆ.