ಗುರುವಾರದ ಕರಡು

ಖಡ್ಗಕ್ಕೆ ನಮ್ಮ ಮಾತಿನಲ್ಲಿ ಪದವಿಲ್ಲ.
ಗೆಣಸಿನ ಬಳ್ಳಿ ಸವರುವುದು, ಬೇಲಿಗೂಟ ಚೂಪುಮಾಡುವುದು,
ಹೋದ ವರ್ಷ ಸೇತುವೆಯ ಬಳಿ ನಡೆದದ್ದು,
ಎಲ್ಲಕ್ಕೂ ಒಂದೇ ಮಚ್ಚು.
ಅದನ್ನೇ ಬರೆದೆ.

ಲಗಾಯಿಪ್ ಹೊಳೆಯ ಮೇಲ್ಗಡೆ, ತಗಡಿನ ಚರ್ಚಿನಲ್ಲಿ
ಗುರುವಾರ ಗುರುವಾರ ಕರಡು ಓದುತ್ತೇನೆ.
ಕೇಳಿ ತಿದ್ದಲು ಐದು ಜನ.
ನಾಲ್ವರು ತಲೆಯಾಡಿಸುತ್ತಾರೆ.
ಐದನೆಯವಳು ಕೊಂಡಾಮೆ.
ತೊಡೆಯ ಮೇಲೆ ಚೀಲದ ದಾರ ಹೊಸೆಯುತ್ತ,
ಮುಖ ಎತ್ತದೆಯೇ ಕೇಳುತ್ತಾಳೆ:

"ಹೊಡೆದವನಿಗೆ ಇನ್ನೊಂದು ಕೆನ್ನೆ ಅಂದವನು ಇವನೇ ತಾನೆ?"
ಇವನೇ.
"ಈಗ ಹೊದಿಕೆ ಮಾರಿ ಮಚ್ಚು ಕೊಳ್ಳಿ ಅಂತಾನಾ?"
ಹೂಂ.
"ತಪ್ಪು ಬರೆದಿದ್ದೀಯ. ಇನ್ನೊಮ್ಮೆ ನೋಡು."

ನೋಡಿದೆ. ಮೂರು ಭಾಷೆಗಳಲ್ಲಿ ನೋಡಿದೆ.
ಅದು ಬರೀ ಉಪಮೆ ಎನ್ನುತ್ತಾರೆ ಟಿಪ್ಪಣಿಕಾರರು.
ಉಪಮೆ ನಮಗೆ ಗೊತ್ತಿಲ್ಲದ್ದಲ್ಲ:
ಜಗಳದ ಹಿಂದಿನ ರಾತ್ರಿ ಹಿರಿಯರು
ಹಾಗೆಯೇ ಮಾತಾಡುತ್ತಾರೆ, ಹಕ್ಕಿ, ಮೋಡ, ಕಬ್ಬಿನ ಸುಳಿ.
ಬೆಳಗಾದರೆ ಮನೆಗಳು ಉರಿಯುತ್ತಿರುತ್ತವೆ.

ಮುಂದೆ ಓದಿದೆ. ಎರಡು ಮಚ್ಚು ಇವೆ ಅಂದರು; ಸಾಕು ಅಂದ.
ಕತ್ತಲ ತೋಟ. ಆಳೊಬ್ಬನ ಬಲಗಿವಿ ಹಾರಿತು.
"ಕಿವಿಗೆ ಎಷ್ಟು ಹಂದಿ ಕೊಟ್ಟರು?" ಮೂಲೆಯ ಮುದುಕ ಯಾಕೋಪ್ಯ.
ಹಂದಿಯಿಲ್ಲ. ಮುಟ್ಟಿ, ಕಿವಿಯನ್ನೇ ಕೊಟ್ಟ.

ಯಾರೂ ಮಾತಾಡಲಿಲ್ಲ.
ನಮ್ಮ ಕಣಿವೆಯಲ್ಲಿ ಹೋದದ್ದನ್ನೇ ವಾಪಸು ಕೊಟ್ಟವರಿಲ್ಲ.
ಕೊಂಡಾಮೆಯ ಮಗನಿಗೆ ಮೂವತ್ತು ಹಂದಿ ಬಂದಿದ್ದವು;
ಊರೆಲ್ಲ ಉಂಡಿತು, ಅವಳ ಒಲೆ ಹೊತ್ತಲಿಲ್ಲ.

ಅಂಗಳದಲ್ಲಿ ಬೆಂಕಿ ಹಾಕಿದ್ದರು, ಓದಿದೆ.
ಶಿಷ್ಯ ಹೋಗಿ ಅವರ ನಡುವೆ ಕೂತ.
ಅವನನ್ನು ನಾನರಿಯೆ ಅಂದ.

ಹೊಸೆಯುವ ಕೈ ನಿಂತಿತು.
"ಚಳಿಯಿತ್ತೇನು?"
ಇತ್ತು. ಇಲ್ಲಿಲ್ಲ, ಇನ್ನೊಬ್ಬ ಬರೆದಿದ್ದಾನೆ.
"ಇಲ್ಲದೆ ಏನು.
ಹೊದಿಕೆ ಮಾರಿಕೊಂಡಿದ್ದನಲ್ಲ."

ನಾಲ್ವರೂ ಅವಳ ಕಡೆ ತಿರುಗಿದರು.
"ಮಚ್ಚು ಕೊಂಡ. ಚಳಿ ಹಿಡಿಯಿತು.
ಕಂಡವರ ಬೆಂಕಿಗೆ ಹೋದ.
ಬೆಂಕಿಯವರು ಕೇಳಿದಾಗ ಯಾರಾದರೂ ಏನು ಹೇಳುತ್ತಾರೆ?"

ಸರಿಯೋ ತಪ್ಪೋ, ಪೆನ್ಸಿಲಿನಲ್ಲಿ ಅಂಚಿಗೆ ಗುರುತು ಹಾಕಿಕೊಂಡೆ.
ಹಾಗಾದರೆ ಕೊಳ್ಳಿ ಅಂದದ್ದೇಕೆ ಎಂದು ಯಾಕೋಪ್ಯ ಕೇಳಿದ.
"ಅದು ನನಗೆ ಗೊತ್ತಿಲ್ಲ," ಅಂದಳು. "ಇವನು ಓದಲಿ."

ಮಂಜು ಇಳಿಯುವ ಹೊತ್ತಿಗೆ ಎದ್ದೆವು.
ಬಾಗಿಲ ಹೊರಗೆ ಗೋಡೆಗೆ ಒರಗಿಸಿಟ್ಟದ್ದನ್ನು
ಒಬ್ಬೊಬ್ಬರೇ ಬಗ್ಗಿ ಎತ್ತಿಕೊಂಡರು.
ನನ್ನದೂ ಅಲ್ಲಿತ್ತು,
ಹಿಡಿಯ ಮೇಲೆ ಇಬ್ಬನಿ.