ಆಕ್ಷೇಪಣೆ ಹನ್ನೊಂದಕ್ಕೆ ಉತ್ತರ

ಮಾನ್ಯರೇ,
ಪಡುಹಿತ್ಲು ಪಂಚಾಯತಿನ ಕಡತದಲ್ಲಿ ತಾವು
ಕೆಂಪು ಶಾಯಿಯಲ್ಲಿ ಬರೆದದ್ದನ್ನು ಓದಿದೆ:
‘ಹೊಯ್ಗೆ ದಿಣ್ಣೆ ಪುನಶ್ಚೇತನ, ಎರಡು ಲಕ್ಷ ನಲವತ್ತು ಸಾವಿರ.
ಸ್ಥಳದಲ್ಲಿ ಸದರಿ ಕಾಮಗಾರಿ ಕಂಡುಬಂದಿಲ್ಲ.’

ಕಂಡುಬಂದಿಲ್ಲ, ನಿಜ.
ನಾನೂ ಅಲ್ಲೇ ಇದ್ದೆನಲ್ಲ, ತಮಗೆ ಬಿಸಿಲಿಗೆ ಕೊಡೆ ಹಿಡಿದು.
ತಮ್ಮ ಬೂಟಿನೊಳಗೆ ಹೊಯ್ಗೆ ಹೋಗಿತ್ತು.
ಒಂಟಿಕಾಲಲ್ಲಿ ನಿಂತು, ನನ್ನ ಹೆಗಲು ಹಿಡಿದು, ಕೊಡವಿದಿರಿ.
ಆ ಒಂದು ಮುಷ್ಟಿ
ನಮ್ಮ ಕಾಮಗಾರಿಯದ್ದೇ.

ಮೊದಲಿನಿಂದ ಹೇಳುತ್ತೇನೆ.
ಅನುದಾನದ ಆದೇಶ ಕೈಸೇರಿದ್ದು ಫೆಬ್ರವರಿ ಹದಿನೇಳಕ್ಕೆ.
ಮಾರ್ಚ್ ಮೂವತ್ತೊಂದರೊಳಗೆ ಖರ್ಚಾಗದಿದ್ದರೆ ವಾಪಸು.
ಅಂದಾಜು ಪಟ್ಟಿಯಲ್ಲಿ ಇದ್ದದ್ದು ಅಡುಂಬು ಬಳ್ಳಿ, ರಾವಣನ ಮೀಸೆ
(ಹುಲ್ಲಿನ ಹೆಸರು ಮಾನ್ಯರೇ, ಯಾರ ಮೀಸೆಗೂ ಬಿಲ್ಲು ಮಾಡಿಲ್ಲ).
ಬಳ್ಳಿ ಹಿಡಿಯಬೇಕಾದರೆ ಮಳೆ ಬೇಕು.
ಮಳೆಗೆ ಮಾರ್ಚ್ ಮೂವತ್ತೊಂದು ಗೊತ್ತಿಲ್ಲ.

ಆಗ ಸಭೆಯಲ್ಲಿ ಎದ್ದವರು ವಾರಿಜಾ ಮೆಂಡನ್,
ಒಣಮೀನಿನ ವ್ಯಾಪಾರ, ಎರಡನೇ ವಾರ್ಡು.
“ಗಾಳಿ ದಿನಾ ಹೊಯ್ಗೆ ಹೊತ್ತು ತರ್ತಾ ಉಂಟು, ಪುಕ್ಕಟೆ.
ಬಾವಿಕಟ್ಟೆ ಗುಡಿಸಿ ಗುಡಿಸಿ ನನ್ನ ಸೊಂಟ ಹೋಯ್ತು.
ಎಂತಾದ್ರೂ ಅಡ್ಡ ಇಡಿ ಮಾರಾಯ್ರೆ, ಅಲ್ಲೇ ಕೂರ್ತದೆ.
ನಮ್ಮಜ್ಜಿ ಮೀನು ಒಣಗಿಸುವಲ್ಲಿ ಮಡಲು ಕಟ್ಟಿದ್ರೆ
ಮರುವರ್ಷ ಬೇಲಿಯನ್ನೇ ಹುಡುಕಬೇಕಿತ್ತು.”

ಪಕ್ಕದ ಊರಿಗೆ ಕಲ್ಲು ಬಂತು, ಟಿಪ್ಪರಿನಲ್ಲಿ, ಕೋಟಿಯ ಲೆಕ್ಕದಲ್ಲಿ.
ಕಲ್ಲನ್ನು ಎಣಿಸಬಹುದು. ಫೋಟೋಕ್ಕೆ ಚೆಂದ ನಿಲ್ಲುತ್ತದೆ.
ಎರಡು ಮಳೆಗಾಲಕ್ಕೆ ಅರ್ಧ ಕಡಲ ಪಾಲು,
ಅಳತೆ ಪುಸ್ತಕದಲ್ಲಿ ಮಾತ್ರ ಇನ್ನೂ ಇಡಿಯಾಗಿದೆ.
ಅದಕ್ಕೆ ಆಕ್ಷೇಪಣೆ ಬಂದದ್ದು ನಾನು ಕೇಳಿಲ್ಲ.

ನಮ್ಮದು ಮಡಲು. ಸಾವಿರದ ಎಂಟುನೂರು ಮಡಲು, ಗೂಟ, ಹಗ್ಗ,
ಬೋಟಿನವರು ಬಿಸಾಡಿದ ಹರಕು ಬಲೆ.
ಹದಿನಾಲ್ಕು ಹೆಂಗಸರು, ಒಬ್ಬ ಗಂಡಸು,
ಅವನೂ ಗೂಟ ಹೊಡೆಯಲಿಕ್ಕೆ ಮಾತ್ರ.
ಮೊಣಕಾಲೆತ್ತರ, ಅಂಕುಡೊಂಕು, ಎರಡು ಸಾಲು.
ಫೋಟೋ ನಾನೇ ತೆಗೆದೆ. ಕಡಲು ಸ್ವಲ್ಪ ವಾಲಿದೆ, ಕ್ಷಮಿಸಬೇಕು.

ಏಪ್ರಿಲಿನಲ್ಲಿ ಬೇಲಿ ಅರ್ಧ ಕಂಡಿತು.
ಮೇ ತಿಂಗಳಲ್ಲಿ ತುದಿ ಮಾತ್ರ, ಹಳೇ ಬಾಚಣಿಗೆಯ ಹಲ್ಲಿನ ಹಾಗೆ.
ಜೂನಿನ ಮೊದಲ ಮಳೆಗೆ ವಾರಿಜಕ್ಕ ಯಾರನ್ನೂ ಕೇಳದೆ
ಎಲ್ಲಿಂದಲೋ ಬಳ್ಳಿಯ ತುಂಡು ತಂದು ಚುಚ್ಚಿದರು.
ಆ ಖರ್ಚು ಯಾವ ಶೀರ್ಷಿಕೆಯಲ್ಲೂ ಇಲ್ಲ.
ಜುಲೈಯಲ್ಲಿ ಕಲ್ಲಿನ ಊರಿನ ರಸ್ತೆ ಹೋದ ರಾತ್ರಿ
ನಾವು ಚಾಪೆ ಸುತ್ತಿಟ್ಟು ಎದ್ದು ಕೂತಿದ್ದೆವು.
ನೀರು ಬಂತು. ದಿಣ್ಣೆಯನ್ನು ಎರಡು ಮಾರು ಕಚ್ಚಿತು.
ಮತ್ತೆ ಬಂತು.
ಬೆಳಿಗ್ಗೆ ಬಾವಿಯ ನೀರು ಕುಡಿದು ನೋಡಿದೆವು: ಸಿಹಿ.

ಪೂರ್ತಿ ಗೆದ್ದೆವು ಎನ್ನುವುದಿಲ್ಲ.
ಉತ್ತರದ ತುದಿಯಲ್ಲಿ ಹತ್ತು ಮೀಟರು ಕಿತ್ತುಹೋಗಿದೆ,
ಅದನ್ನು ಬೇಕಾದರೆ ನನ್ನ ಸಂಬಳದಿಂದ ಹಿಡಿಯಿರಿ.

ಉಳಿದ ಬೇಲಿ ಎಲ್ಲಿ ಎಂದು ಕೇಳಿದಿರಿ.
ಒಳಗಿದೆ.
ಹಾಗಾದರೆ ಅಗೆದು ತೋರಿಸಿ ಎಂದಿರಿ.
ವಾರಿಜಕ್ಕ ಹಾರೆ ತಂದರು. ಹೊಯ್ಗೆಗೆ ಊರಿದರು.
ಅದಕ್ಕೆ ಒರಗಿ ನಿಂತು ತಮ್ಮನ್ನೇ ನೋಡಿದರು:
“ಅಗೆಯಲಿಕ್ಕೆ ಯಾವ ಅನುದಾನ?”
ಈ ಮಾತು ತಮ್ಮ ವರದಿಯಲ್ಲಿ ಬಿಟ್ಟುಹೋಗಿದೆ.
ದಾಖಲೆಗೆಂದು ಇಲ್ಲಿ ಸೇರಿಸಿದ್ದೇನೆ.

ಲಗತ್ತು: ಹಾಜರಿ ಪಟ್ಟಿ, ಮಡಲಿನ ರಶೀದಿ, ವಾಲಿದ ಫೋಟೋ ಒಂದು.
ಉತ್ತರದ ತುದಿಗೆ ಮುನ್ನೂರು ಮಡಲು ಹೇಳಿ ಇಟ್ಟಿದ್ದೇನೆ.
ಈ ಸಾಲಿನ ಆದೇಶ ಇನ್ನೂ ಬಂದಿಲ್ಲ.
ಗಾಳಿ ಎದ್ದಿದೆ.