ಹನ್ನೊಂದನೆಯ ಲೆಕ್ಕ

ಪ್ರೆಸ್ಟನ್ನಿನ ಬಸ್ ನಿಲ್ದಾಣ. ಸಂಜೆ ಐದೂಕಾಲು.
ಲಾಂಗ್‌ರಿಜ್‌ಗೆ ಹೋಗುವ ಬಸ್ಸಿನ ಬಾಗಿಲು ತೆರೆದೆ.
ಮೊದಲು ಹತ್ತಿದವರು ಫಾದರ್ ವಿಲ್ಫ್ರಿಡ್ ಗಾರ್ನಲ್,
ಮಂಜಿಗೆ ನೆಂದ ಟೋಪಿ, ಸೈಕಲ್ಲಿನ ಕ್ಲಿಪ್ಪು ಇನ್ನೂ ಕಾಲಲ್ಲೇ.
ಟಿಕೆಟ್ ಕೇಳಲಿಲ್ಲ.
"ಸ್ವಾರ್‌ಬ್ರಿಕ್, ಕೈ ಚಾಚು" ಅಂದರು.

ನಲವತ್ತಾರು ನನಗೆ, ಎರಡು ಮಕ್ಕಳ ತಂದೆ,
ಆದರೂ ಅಂಗೈ ತಾನಾಗಿ ಮುದುಡಿತು.

ಅದಕ್ಕೆ ನೆನಪಿತ್ತು:
ಹದಿಮೂರರ ಚಳಿಗಾಲ, ರೇಖಾಗಣಿತದ ತರಗತಿ,
ಹನ್ನೊಂದನೆಯ ಲೆಕ್ಕ, ವೃತ್ತದೊಳಗೊಂದು ಚತುರ್ಭುಜ.
ಪುಸ್ತಕದ ದಾರಿ ತಲೆಗೆ ಹತ್ತಿರಲಿಲ್ಲ.
ಹಿತ್ತಲ ಬಾಗಿಲಿಂದ ನುಗ್ಗಿದವನ ಹಾಗೆ
ಬೇರೊಂದು ಗೆರೆ ಎಳೆದು ಉತ್ತರಕ್ಕೆ ಬಂದಿದ್ದೆ.
"ಯಾರದ್ದು ನೋಡಿ ಬರೆದೆ?"
ಯಾರದ್ದೂ ಇಲ್ಲ ಎಂದದ್ದಕ್ಕೆ ಒಂದು,
ಎದುರು ಮಾತಿಗೆ ಇನ್ನೊಂದು.
ಬಾಸುಂಡೆ ಎರಡು ದಿನ ಇತ್ತು. ಲೆಕ್ಕ ಬಿಟ್ಟೆ.

ಅವರನ್ನು ಬಿಡಲಾಗಲಿಲ್ಲ. ಬಿಡುವುದೆಲ್ಲಿ?
ಬೆಳಿಗ್ಗೆ ಕರಿಹಲಗೆಯ ಮುಂದೆ ಅವರು,
ಸಂಜೆ ನಮ್ಮ ಬೀದಿಯ ಕೊನೆಗೂ ಅವರೇ,
ತೋಳಿಗಂಟಿದ ಸೀಮೆಸುಣ್ಣ ಕೊಡವದೆ.
ಯಾರ ಮನೆಯ ಗ್ಯಾಸು ಕಡಿದಿದ್ದಾರೆ,
ಗಿರಣಿ ಮುಚ್ಚಿದಂದಿನಿಂದ ಯಾರು ಹಾಸಿಗೆ ಬಿಟ್ಟೆದ್ದಿಲ್ಲ,
ಹಾಜರಿ ಪುಸ್ತಕದಷ್ಟೇ ಬಾಯಿಪಾಠ ಅವರಿಗೆ.
ಹದಿನೆಂಟಕ್ಕೇ ಗುರುಮಠ ಸೇರಿದವರು.
ಬಿಷಪ್ಪರು ಎರಡು ಸಲ ದೊಡ್ಡ ಊರಿಗೆ ಕರೆದಾಗ
ಇಲ್ಲಿ ಭಾಗಾಕಾರ ಇನ್ನೂ ಮುಗಿದಿಲ್ಲ ಎಂದು ಬರೆದರಂತೆ.

ತಂಗಿಯ ದೀಕ್ಷಾಸ್ನಾನದ ದಿನ ಚರ್ಚಿನ ಬಾಯ್ಲರ್ ಕೆಟ್ಟು
ಕೆಟಲ್ಲಿನಲ್ಲಿ ನೀರು ಕಾಸಿ, ಮೊಣಕೈ ಅದ್ದಿ ನೋಡಿ ತಂದರು,
ಎಂಟು ಹೆತ್ತವಳ ಹಾಗೆ.
ಅಮ್ಮನಿಗೆ ಅಂತ್ಯಾಭ್ಯಂಗ ಕೊಟ್ಟ ರಾತ್ರಿ
ಪ್ರಾರ್ಥನೆ ಮುಗಿಸಿ ಹೊರಡಲಿಲ್ಲ;
ಸಿಂಕಿನ ಪಾತ್ರೆ ತೊಳೆದು, ಒರೆಸಿ,
ಎಲ್ಲವನ್ನೂ ತಪ್ಪು ಕಪಾಟಿನಲ್ಲಿಟ್ಟು ಹೋದರು.
ವಾರಗಟ್ಟಲೆ ಸೌಟು ಹುಡುಕಿದೆವು. ಬೈದುಕೊಂಡೆವು.
ಅಪ್ಪ ಆಗಲೇ ಮೊದಲ ಸಲ ನಕ್ಕದ್ದು.

ಪ್ರಬೋಧನೆ ಮಾತ್ರ ಸಪ್ಪೆ.
"ಆದ್ದರಿಂದ..." ಎಂದು ಗಾಳಿಯಲ್ಲಿ ಸೀಮೆಸುಣ್ಣ ತಡಕಿ
ಮುಂದಿನ ಸಾಲು ಸಿಗದೆ
ವಿಶ್ವಾಸಪ್ರಮಾಣಕ್ಕೆ ಎದ್ದುಬಿಡುತ್ತಿದ್ದರು.

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ.
ನಿಜ. ಹೊಡೆದವನಿಗೆ ಬೇಕು.

ಶಾಲೆ ಕೆಡವುವ ಮುಂಚೆ ಕಪಾಟು ಖಾಲಿ ಮಾಡುವಾಗ ಸಿಕ್ಕಿತಂತೆ
ನೀಲಿ ರಟ್ಟಿನ ನನ್ನ ನೋಟ್‌ಬುಕ್ಕು.
ಮೂರು ರಾತ್ರಿ ಕೂತರಂತೆ ಆ ಗೆರೆಯ ಮುಂದೆ.
ಚಾಚಿದ ಅಂಗೈ ಮೇಲೆ ಅದನ್ನಿಟ್ಟು ಅಂದರು:
"ಸರಿಯಿದೆ ಕಣೋ. ನನ್ನದಕ್ಕಿಂತ ಎರಡು ಹೆಜ್ಜೆ ಕಮ್ಮಿ."
ಹಿಂದಿನ ಸಾಲು ಗೊಣಗುತ್ತಿತ್ತು.
ಅರ್ಧ ಊರಿನ ಪಾಪನಿವೇದನೆ ಕೇಳಿದ ಮನುಷ್ಯ
ನನ್ನ ಚಿಲ್ಲರೆ ಪೆಟ್ಟಿಗೆಯೆದುರು ತಲೆತಗ್ಗಿಸಿ ನಿಂತಿದ್ದರು.
ಕ್ಷಮಿಸಿದೆ ಎನ್ನಲು ಬಾಯಿ ಬರಲಿಲ್ಲ.
"ಕೂತ್ಕೊಳ್ಳಿ ಫಾದರ್, ಬಸ್ಸು ಹೊರಡಬೇಕು" ಅಂದೆ.

ಕೂತರು, ಸರಿಯಾಗಿ ನನ್ನ ಬೆನ್ನ ಹಿಂದೆ.
ಲಾಂಗ್‌ರಿಜ್‌ನಲ್ಲಿ ಅವರಿಗೇನೂ ಕೆಲಸವಿರಲಿಲ್ಲ.
ಅದೇ ಬಸ್ಸಿನಲ್ಲಿ ಮರಳಿದರು,
ಕತ್ತಲ ಕಿಟಕಿಗೆ ಹಣೆಯಿಟ್ಟು, ಗೊರಕೆ ಹೊಡೆಯುತ್ತ.

ಈ ಮಾರ್ಚಿನಲ್ಲಿ ಅವರ ಪೆಟ್ಟಿಗೆಗೆ ಹೆಗಲು ಕೊಟ್ಟೆವು:
ಒಬ್ಬ ಕಟುಕ, ಒಬ್ಬ ವಕೀಲ, ಜೈಲು ನೋಡಿ ಬಂದವನೊಬ್ಬ,
ಎಲ್ಲರೂ ಹಿಂದಿನ ಬೆಂಚಿನವರೇ.
ಎತ್ತರ ಸಮವಿಲ್ಲದೆ ಪೆಟ್ಟಿಗೆ ಎಡಕ್ಕೆ ವಾಲಿತು.
ಇದ್ದಿದ್ದರೆ ಕೋನ ಅಳೆಯುತ್ತಿದ್ದರು.

ಮನೆಗೆ ಬಂದು ನೋಟ್‌ಬುಕ್ಕು ತೆರೆದೆ.
ಕೆಂಪು ಅಡ್ಡಗೀಟಿನ ಮೇಲೆ ನಡುಗುವ ಹಸಿರು ಶಾಯಿ:
ಹತ್ತಕ್ಕೆ ಒಂಬತ್ತೂವರೆ.
ಅರ್ಧ ಅಂಕ ಕೈಬರಹಕ್ಕೆ ಕಳೆದಿದ್ದಾರೆ.
ನ್ಯಾಯವೇ. ನನ್ನ ಏಳು
ಇವತ್ತಿಗೂ ಒಂದರ ಹಾಗೇ ಕಾಣುತ್ತದೆ.